ಓದುಗರ ಪ್ರಶ್ನೆ: ನಮ್ಮ ಎಂಎಲ್ಎ ಕೇಳಿದ ಪ್ರಶ್ನೆ ಎಲ್ಲಿಗೆ ಹೋಗುತ್ತೆ?

ಹೋದ ಸಂಚಿಕೇಲಿ ಹಾಸನ-ಚಿಕ್ಕಮಗಳೂರು ಭಾಗದ ಶಾಸಕರೊಬ್ರು ಒಂದೇ ಅಧಿವೇಶನದಲ್ಲಿ ಸರ್ಕಾರಕ್ಕೆ ಹಾಕಿದ ಪ್ರಶ್ನೆಗಳ ಪಟ್ಟಿ ಕೊಟ್ಟಿದ್ವಿ. ಕಾಡಾನೆ ಪರಿಹಾರ, ಹೋಬಳಿ ಆಸ್ಪತ್ರೇಲಿ ಡಾಕ್ಟ್ರು ಇಲ್ಲದ್ದು, ಮಕ್ಕಳಿಲ್ಲದೆ ಮುಚ್ಚೋ ಶಾಲೆ, ಪೋಡಿ (ಜಮೀನು ಅಳೆದು ಬೇರೆ ಬೇರೆ ದಾಖಲೆ ಮಾಡೋದು), ಎತ್ತಿನಹೊಳೆ ನೀರಿನ ಯೋಜನೆ, ಎಲ್ಲಾ ಇತ್ತು ಅದ್ರಲ್ಲಿ. ಅದಕ್ಕೆ ಬಂದ ಕಾಗದ, ವಾಟ್ಸಾಪ್ ಮೆಸೇಜಲ್ಲಿ ಕೆಲವಕ್ಕೆ ಇಲ್ಲಿ ಉತ್ತರ. ಬೈಗುಳದ ಮೆಸೇಜ್ ಬಿಟ್ಟಿದೀವಿ.

*ಪಟ್ಟಿ ಉದ್ದ ಇದೆ ಸಾರ್, ಆದ್ರೆ ಟಿವೀಲಿ ಅವ್ರು ಎದ್ದು ನಿಂತಿದ್ದೇ ಕಾಣ್ಲಿಲ್ಲ. ಬರೀ ಪೇಪರ್ ಮೇಲಿನ ಪ್ರಶ್ನೆನಾ? — ಓದುಗರು, ಸಕಲೇಶಪುರ*

ಪೇಪರ್ ಮೇಲಿಂದೇ, ಆದ್ರೆ ಆ "ಬರೀ" ತೆಗೀರಿ. ಪ್ರಶ್ನೇಲಿ ಎರಡು ಜಾತಿ. ಚುಕ್ಕೆ ಗುರುತಿಂದು ಅಂದ್ರೆ ಮಂತ್ರಿ ಸದನದಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು, ಗಲಾಟೆ ಮಾಡಬಹುದು, ಟಿವೀಲಿ ಬರೋದು ಇದೇ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಅಷ್ಟೇ. ಲೋಕಸಭೇಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದ್ದು, ಯಾರದ್ದು ಬರುತ್ತೆ ಅನ್ನೋದು ಲಾಟರಿ, ಆ 20ರಲ್ಲೂ ಬೆಳಿಗ್ಗೆ 11ರಿಂದ 12ರ ಒಂದು ಗಂಟೇಲಿ ನಾಲ್ಕೈದು ಮುಗಿದ್ರೆ ದೊಡ್ಡದು. ನನ್ನ ಕೇಳಿದ್ರೆ ಊರಿನ ಕೆಲಸಕ್ಕೆ ಚುಕ್ಕೆ ಇಲ್ಲದ್ದೇ ಮೇಲು, ಯಾಕಂದ್ರೆ ಅದರ ಜೊತೆ ಇಲಾಖೆಯವರು ಅನುಬಂಧ ಅಂತ ಟೇಬಲ್ ಹಾಕಿ ಕೊಡ್ತಾರೆ, ತಾಲ್ಲೂಕುವಾರು ಲೆಕ್ಕ ಸಿಗೋದು ಅಲ್ಲಿ, ಮೈಕಲ್ಲಿ ಅಲ್ಲ.

*ಎಲ್ಲಾದಕ್ಕೂ "ಪರಿಶೀಲನೆಯಲ್ಲಿದೆ" ಅಂತಾನೆ ಉತ್ತರ. ಇದಕ್ಕೆ ಯಾಕ್ರೀ ಅಷ್ಟು ಕಷ್ಟಪಟ್ಟು ಕೇಳೋದು? — ನಿವೃತ್ತ ಮೇಷ್ಟ್ರು, ಬೇಲೂರು*

ಮೇಷ್ಟ್ರೇ, ಒಂದು ಉತ್ತರದ ಹಾಳೆ ತೆಗೆದು ನೋಡಿ, ವಿಧಾನಮಂಡಲದ ವೆಬ್‌ಸೈಟಲ್ಲಿ ಸಿಗುತ್ತೆ. ಮೇಲೆ ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಅ, ಆ, ಇ ಅಂತ ಮನೆ ಮಾಡಿರ್ತಾರೆ. ಎಡಗಡೆ "ಅ) ಸದರಿ ರಸ್ತೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತಿದ್ರೆ ಬಲಗಡೆ "ಬಂದಿದೆ". "ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು" ಅಂದ್ರೆ "ಅನುದಾನದ ಲಭ್ಯತೆಯನುಸಾರ ಕ್ರಮ ಕೈಗೊಳ್ಳಲಾಗುವುದು". ಮುಗೀತು, ಮಂತ್ರಿಗೆ ಒಂದು ಹನಿ ಬೆವರೂ ಬರಲ್ಲ. "ಬಂದಿಲ್ಲ" ಅಂದ್ಬಿಟ್ರಂತೂ ಕೆಳಗಿನ ಅಷ್ಟೂ ಮನೆಗೆ "ಉದ್ಭವಿಸುವುದಿಲ್ಲ". ತಪ್ಪು ಅರ್ಧ ಎಡಗಡೆ ಕಾಲಂದು ಸ್ವಾಮಿ. ಗಮನಕ್ಕೆ ಬಂದಿದೆಯಾ ಅಂತ ಕೇಳಿದ್ರೆ ಬಂದಿದೆ ಅಂತಾನೇ ಅಂತಾರೆ.

ಅದೇ ಆನೆ ವಿಷಯ ಹೀಗೆ ಕೇಳಿ ನೋಡಿ: ಅ) 2023-24ರಿಂದ ಇಲ್ಲಿಯವರೆಗೆ ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ಬೆಳೆಹಾನಿಗೆ ಇ-ಪರಿಹಾರದಲ್ಲಿ (ಅರಣ್ಯ ಇಲಾಖೆಯ ಆನ್‌ಲೈನ್ ಪರಿಹಾರ ವ್ಯವಸ್ಥೆ) ಬಂದ ಅರ್ಜಿಗಳೆಷ್ಟು, ಆ) ಹಣ ಪಾವತಿಯಾದವು ಎಷ್ಟು, ತಿರಸ್ಕೃತವಾದವು ಎಷ್ಟು, ಬಾಕಿ ಎಷ್ಟು, ಇ) ಆರು ತಿಂಗಳಿಗೂ ಹೆಚ್ಚು ಬಾಕಿ ಇರುವುದಕ್ಕೆ ಕಾರಣವೇನು (ವಲಯವಾರು ವಿವರ ನೀಡುವುದು). ಇದಕ್ಕೆ ಪರಿಶೀಲನೆಯಲ್ಲಿದೆ ಅಂತ ಬರೆಯೋಕಾಗಲ್ಲ, ಸೆಕ್ಷನ್ ಗುಮಾಸ್ತರಿಂದ ಹಿಡಿದು ವಲಯ ಅರಣ್ಯಾಧಿಕಾರಿವರೆಗೂ ಒಂದು ವಾರ ಫೋನ್ ಓಡಾಡುತ್ತೆ, ಎಷ್ಟೋ ಸಲ ಉತ್ತರ ರೆಡಿ ಮಾಡೋ ಭಯಕ್ಕೇ ಬಾಕಿ ಫೈಲು ಮೂವ್ ಆಗಿರುತ್ತೆ.

ಇನ್ನೊಂದು ವಿಷಯ. "ಪರಿಶೀಲನೆಯಲ್ಲಿದೆ" ಅನ್ನೋದನ್ನ ಅಷ್ಟು ಸಸಾರ ಮಾಡ್ಬೇಡಿ. ಸಂಸತ್ತಲ್ಲಿ ಮಂತ್ರಿ ಹಾಗಂದ್ರೆ ಅದು ಭರವಸೆ ಅಂತ ಲೆಕ್ಕ, ಮೂರು ತಿಂಗಳಲ್ಲಿ ಈಡೇರಿಸ್ಬೇಕು, ಇಲ್ಲಾಂದ್ರೆ ಟೈಮ್ ಕೇಳ್ಕೋಬೇಕು, ಅದನ್ನ ನೋಡ್ಕೊಳ್ಳೋಕೆ 1953ರಿಂದ ಭರವಸೆಗಳ ಸಮಿತಿ ಇದೆ. ನಮ್ಮ ವಿಧಾನಮಂಡಲದಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆ ಕೇಳಿ ಪೇಪರಲ್ಲಿ ಫೋಟೋ ಹಾಕಿಸ್ಕೊಂಡು ಮರೆತುಬಿಡೋರೇ ಜಾಸ್ತಿ, ಆ ಸಮಿತಿ ಹಿಂದೆ ಬೀಳೋರು ಕಮ್ಮಿ. ನಿಮ್ಮ ಶಾಸಕರನ್ನ ಕೇಳೋದಿದ್ರೆ ಅದನ್ನ ಕೇಳಿ.

*ನಮ್ಮ ಎಂಎಲ್ಎ ಮಂತ್ರಿ ಆದ್ಮೇಲೆ ಒಂದೂ ಪ್ರಶ್ನೆ ಕೇಳಿಲ್ಲ. ಸೋಮಾರಿತನ ಅಲ್ವಾ? — ಹಾಸನ*

ಮಂತ್ರಿ ಪ್ರಶ್ನೆ ಕೇಳೋ ಹಾಗಿಲ್ಲ, ಈಗ ಅವ್ರು ಬಲಗಡೆ ಕಾಲಂನವರು. ಸೋಮಾರಿತನ ಬೇರೆ ಕಡೆ ಹುಡುಕಿ.

*ಅರ್ಜುನ ಆನೆ ಸತ್ತಾಗ ಪ್ರಶ್ನೋತ್ತರದಲ್ಲಿ ಯಾಕೆ ಬರ್ಲಿಲ್ಲ? — ಯಸಳೂರು ಕಡೆಯ ಹುಡುಗ್ರು*

ಅರ್ಜುನ ಹೋಗಿದ್ದು 2023ರ ಡಿಸೆಂಬರ್ 4, ನಿಮ್ಮ ಪಕ್ಕದ ದಬ್ಬಳ್ಳಿಕಟ್ಟೇಲಿ, ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ. ಎಂಟು ಸಲ ದಸರಾ ಅಂಬಾರಿ ಹೊತ್ತವನು. ಬೆಳಗಾವಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಗಿದ್ದೂ ಅವತ್ತೇ. ಆದ್ರೆ ಪ್ರಶ್ನೆಗೆ ಎಷ್ಟೋ ದಿನ ಮುಂಚೇನೇ ನೋಟಿಸ್ ಕೊಡಬೇಕು, ಲೋಕಸಭೇಲಾದ್ರೆ 15 ಪೂರ್ತಿ ದಿನ. ನಿನ್ನೆ ಆಗಿದ್ದಕ್ಕೆ ಇವತ್ತು ಪ್ರಶ್ನೆ ಹಾಕೋಕೆ ಆಗಲ್ಲ. ಅಂಥದ್ದಕ್ಕೆ ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆ ಅಂತ ಬೇರೆ ದಾರಿಗಳಿವೆ. ಬೆಂಕಿ ಬಿದ್ದಿದ್ದಕ್ಕೆ ಅದು, ಬೂದಿ ಲೆಕ್ಕಕ್ಕೆ ಪ್ರಶ್ನೆ.

*ಕಾಫಿ ಸಾಲಕ್ಕೆ ಬ್ಯಾಂಕಿನವರು ಸರ್ಫೇಸಿ ನೋಟಿಸ್ ಕೊಟ್ಟಿದಾರೆ, ಎಂಎಲ್ಎ ಹತ್ರ ಮೂರು ಸಲ ಹೋದ್ವಿ, ಸದನದಲ್ಲಿ ಕೇಳ್ತೀನಿ ಅಂತಾರೆ ಕೇಳಲ್ಲ. — ಸಣ್ಣ ಬೆಳೆಗಾರರು, ಮೂಡಿಗೆರೆ*

ಮಾರಾಯ್ರೇ, ತಪ್ಪು ಬಾಗಿಲು ತಟ್ತಾ ಇದೀರಿ. ಸರ್ಫೇಸಿ ಅಂದ್ರೆ ಸಾಲ ಕಟ್ಟದಿದ್ರೆ ಬ್ಯಾಂಕು ಕೋರ್ಟಿಗೆ ಹೋಗದೇನೇ ಅಡವಿಟ್ಟ ಆಸ್ತಿ ವಶಕ್ಕೆ ತಗೊಳ್ಳೋಕೆ ಇರೋ 2002ರ ಕೇಂದ್ರದ ಕಾಯ್ದೆ. ಅದ್ರಲ್ಲಿ ಕೃಷಿ ಭೂಮಿಗೆ ವಿನಾಯಿತಿ ಇದೆ, ಕಾಫಿ ತೋಟ ಕೃಷಿ ಭೂಮಿ ಹೌದೋ ಅಲ್ವೋ ಅನ್ನೋದೇ ನಿಮ್ಮ ಜಗಳ, ಅದಕ್ಕೆ ಉತ್ತರ ಹೇಳಬೇಕಾದ್ದು ದಿಲ್ಲಿ. ಕಾಫಿ ಬೋರ್ಡು ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗೆ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರನೂ ಅದರದ್ದೇ, ಮೆಣಸಿನ ಆಮದೂ ಅವರದ್ದೇ ತಲೆನೋವು. ಇದನ್ನೆಲ್ಲ ಸಂಸದರ ಹತ್ರ ಕೊಡಿ. ಒತ್ತುವರಿ ಸರ್ಕಾರಿ ಜಾಗ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋದು, ಆನೆ ಪರಿಹಾರ, ಪೋಡಿ ಇವೆಲ್ಲ ರಾಜ್ಯದ್ದು, ಇದಕ್ಕೆ ಶಾಸಕರ ಹತ್ರ ಹೋಗಿ. ಆಗಲ್ಲ ಅಂತ ಮೊದಲ್ನೇ ಸಲನೇ ಹೇಳಿದ್ರೆ ನಿಮಗೆ ಬಸ್ ಚಾರ್ಜಾದ್ರೂ ಉಳೀತಿತ್ತು, ಆದ್ರೆ ವೋಟು ಕೇಳಬೇಕಾದೋರು ಹಾಗೆ ಹೇಳಲ್ಲ ಬಿಡಿ.

*ಒಂದು ಪ್ರಶ್ನೆಯಿಂದ ಯಾವ ದೊಡ್ಡೋರಾದ್ರೂ ಕುರ್ಚಿ ಬಿಟ್ಟಿದ್ದು ಇದ್ಯಾ? ಅಥ್ವಾ ಎಲ್ಲಾ ನಾಟಕನಾ? — ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು*

ಇದೆಯಮ್ಮಾ, ಅದ್ರಲ್ಲಿ ಒಂದು ನಿಮ್ಮೂರಿಂದೇ.

1957ರಲ್ಲಿ ಎಲ್ಐಸಿ ಜನರ ದುಡ್ಡನ್ನ ಹರಿದಾಸ್ ಮುಂಧ್ರಾ ಅನ್ನೋ ವ್ಯಾಪಾರಿಯ ಕಂಪನಿಗಳ ಷೇರಿಗೆ ಹಾಕಿದ್ದು ಲೋಕಸಭೇಲಿ ಪ್ರಶ್ನೆಯಾಗಿ ಬಂತು. ಫಿರೋಜ್ ಗಾಂಧಿ, ಆಳೋ ಪಕ್ಷದವರೇ, ಪ್ರಧಾನಿ ಅಳಿಯ, ಬಿಡದೆ ಹಿಡಿದ್ರು. ತನಿಖೆಗೆ ಛಾಗ್ಲಾ ಆಯೋಗ ಬಂತು, 1958ರ ಫೆಬ್ರವರೀಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ರು.

ಇನ್ನೊಂದು ಅದೇ ಫಿರೋಜ್ ಗಾಂಧಿಯವರ ಹೆಂಡತಿ ಕಥೆ. 1978ರ ನವೆಂಬರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೇಲಿ ವೀರೇಂದ್ರ ಪಾಟೀಲರ ವಿರುದ್ಧ ಗೆದ್ದಿದ್ದು, ಡಿ.ಬಿ. ಚಂದ್ರೇಗೌಡ್ರು ಸೀಟು ಬಿಟ್ಕೊಟ್ಟಿದ್ದು ನಿಮ್ಮ ಮನೆ ಹಿರಿಯರು ಈಗ್ಲೂ ಹೇಳ್ತಾರೆ. ಅವ್ರನ್ನ ಅದೇ ಡಿಸೆಂಬರ್ 19ಕ್ಕೆ ಲೋಕಸಭೆಯಿಂದ ಹೊರಗೆ ಹಾಕಿ ಜೈಲಿಗೂ ಕಳಿಸಿದ್ರು ಅನ್ನೋದೂ ಹೇಳ್ತಾರೆ. ಯಾಕೆ ಅಂತ ಕೇಳಿದ್ರೆ ಎಲ್ರೂ ಎಮರ್ಜೆನ್ಸಿ ಅಂತಾರೆ. ಸದನದ ದಾಖಲೇಲಿರೋ ಕಾರಣ ಬೇರೆ: ಸಂಜಯ್ ಗಾಂಧಿಯ ಮಾರುತಿ ಕಂಪನಿ ಬಗ್ಗೆ ಲೋಕಸಭೇಲಿ ಒಂದು ಪ್ರಶ್ನೆ ಬಿದ್ದಿತ್ತು, 1975ರಲ್ಲಿ ಅದಕ್ಕೆ ಉತ್ತರ ರೆಡಿ ಮಾಡೋಕೆ ಮಾಹಿತಿ ತರೋಕೆ ಹೋದ ನಾಲ್ವರು ಅಧಿಕಾರಿಗಳಿಗೆ ಇಂದಿರಾ ಅಡ್ಡಿ ಮಾಡಿದ್ರು, ಕಿರುಕುಳ ಕೊಟ್ರು, ಸುಳ್ಳು ಕೇಸು ಹಾಕಿಸಿದ್ರು ಅಂತ, ಸದನದ ಹಕ್ಕಿಗೆ ಧಕ್ಕೆ ಆಯ್ತಾ ಅಂತ ನೋಡೋ ಹಕ್ಕುಬಾಧ್ಯತಾ ಸಮಿತಿ ಹೇಳಿತ್ತು. ಮುಂದೆ 1981ರಲ್ಲಿ, ಅವರೇ ಮತ್ತೆ ಪ್ರಧಾನಿ ಆಗಿದ್ದಾಗ, ಏಳನೇ ಲೋಕಸಭೆ ಆ ತೀರ್ಮಾನ ರದ್ದು ಮಾಡ್ತು. ಸರಿನೋ ತಪ್ಪೋ, ರಾಜಕೀಯ ಸೇಡೂ ಅದ್ರಲ್ಲಿ ಇತ್ತು, ಅದ್ನ ಇಲ್ಲ ಅನ್ನಲ್ಲ. ಆದ್ರೆ ಚಿಕ್ಕಮಗಳೂರಿನ ಎಂಪಿ ಸೀಟು ಖಾಲಿ ಆಗಿದ್ದು ಒಂದು ಪ್ರಶ್ನೆಯ ಬಲಗಡೆ ಕಾಲಂ ತುಂಬೋ ವಿಷಯಕ್ಕೆ.

ಪ್ರಶ್ನೆ ಮಾರ್ಕೊಂಡು ಸೀಟು ಕಳ್ಕೊಂಡೋರೂ ಇದಾರೆ. ದುಡ್ಡು ತಗೊಂಡು ಪ್ರಶ್ನೆ ಕೇಳೋಕೆ ಒಪ್ಪಿದ್ದು ಕ್ಯಾಮೆರಾದಲ್ಲಿ ಸಿಕ್ಕಿ 2005ರ ಡಿಸೆಂಬರಲ್ಲಿ 11 ಸಂಸದರು ಮನೆಗೆ ಹೋದ್ರು.

*ಎತ್ತಿನಹೊಳೆ ಕಾಲುವೆ ನಮ್ಮ ತಾಲ್ಲೂಕಲ್ಲೇ ಹಾಯುತ್ತೆ. ನೀರು ಯಾವಾಗ ಅಂತ ಸದನದಲ್ಲಿ ಕೇಳಿಸೋದು ಹೇಗೆ? — ಅರಸೀಕೆರೆ*

"ಯಾವಾಗ" ಅಂತ ಮಾತ್ರ ಕೇಳಿಸ್ಬೇಡಿ, ಶೀಘ್ರದಲ್ಲೇ ಅಂತ ಬರುತ್ತೆ. 24.01 ಟಿಎಂಸಿ ಯೋಜನೆ, 12,912 ಕೋಟಿ ಇದ್ದ ಅಂದಾಜು 23,251 ಕೋಟಿಗೆ ಏರಿ, 2024ರ ಸೆಪ್ಟೆಂಬರ್ 6ಕ್ಕೆ ಸಕಲೇಶಪುರದ ಹತ್ರ ಮೊದಲ ಹಂತದ ಪಂಪು ಆನ್ ಆಯ್ತು. ನಿಮ್ಮ ತಾಲ್ಲೂಕಲ್ಲಿ ಎಷ್ಟು ಕಿಲೋಮೀಟರ್ ಕಾಲುವೆ ಬಾಕಿ, ಎಷ್ಟು ಎಕರೆ ಭೂಸ್ವಾಧೀನ ಬಾಕಿ, ಎಷ್ಟು ರೈತರಿಗೆ ದುಡ್ಡು ಬಾಕಿ, ಯಾವ ಯಾವ ಕೆರೆ ಪಟ್ಟೀಲಿದೆ ಅಂತ ಕೇಳಿಸಿ.

*ಎಂಎಲ್ಎ ಕೈಗೆ ಸಿಗಲ್ಲ. ನಾನೇ ಕೇಳಬಹುದಾ? — ಕೊಪ್ಪ*

ಧಾರಾಳವಾಗಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಲಿ, 30 ದಿನದಲ್ಲಿ ಉತ್ತರ ಕೊಡಬೇಕು. ಎಂಎಲ್ಎ ಸಿಗ್ಲಿಲ್ಲ ಅಂದ್ರೆ ನಿಮ್ಮ ಭಾಗದ ವಿಧಾನ ಪರಿಷತ್ ಸದಸ್ಯರು ಇದಾರಲ್ಲ, ಜನ ಮರೆತೇಬಿಟ್ಟಿರ್ತಾರೆ, ಅವ್ರಿಗೂ ಪ್ರಶ್ನೆ ಕೇಳೋ ಅಧಿಕಾರ ಅಷ್ಟೇ ಇದೆ, ಅವ್ರ ಮನೆ ಮುಂದೆ ಕ್ಯೂ ಕೂಡ ಕಮ್ಮಿ. ಹೋಗೋವಾಗ ದೂರು ಹೇಳೋಕೆ ಹೋಗ್ಬೇಡಿ, ಅ, ಆ, ಇ ಅಂತ ಮೂರು ಸಾಲು ಬರ್ಕೊಂಡೇ ಹೋಗಿ, ಅಧಿವೇಶನದ ದಿನಾಂಕ ಪ್ರಕಟ ಆದ ವಾರದಲ್ಲೇ ಕೊಡಿ.