ನದಿಯ ಚಿತ್ರಪುಸ್ತಕ ಹಿಡಿದು ಊರ ಕೆರೆಯ ಏರಿಗೆ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ 4ನೇ ತರಗತಿಯ ಶಿಕ್ಷಕಿ. ಒಂದು ನದಿ ಬೆಟ್ಟದಲ್ಲಿ ಹುಟ್ಟಿ ಸಮುದ್ರ ಸೇರುವುದನ್ನು ಬರಿಯ ಚಿತ್ರಗಳಲ್ಲೇ ತೋರಿಸುವ ಪುಸ್ತಕ ನಮ್ಮಲ್ಲಿದೆ. ಮಕ್ಕಳು ‘ಚೆನ್ನಾಗಿದೆ ಮಿಸ್’ ಎಂದು ಐದೇ ನಿಮಿಷದಲ್ಲಿ ಪುಟ ಮಗುಚಿಬಿಡುತ್ತಾರೆ. ನಮ್ಮೂರಿನಲ್ಲಿ ನದಿಯೂ ಇಲ್ಲ. ಯಾವ ಚಟುವಟಿಕೆ ಮಾಡಿಸಲಿ? ಮೌಲ್ಯಮಾಪನ ಹೇಗೆ?

ಉತ್ತರ: ಮೊದಲ ದಿನ ಇಡೀ ಪುಸ್ತಕ ತೋರಿಸಬೇಡಿ, ಒಂದೇ ಪುಟ ಸಾಕು. ಹಳೆಯ ನೋಟ್‌ಬುಕ್ಕಿನ ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ ಚಿತ್ರದ ಮೇಲಿಡಿ; ಐದಾರು ಮಕ್ಕಳ ಗುಂಪು ಕಿಂಡಿಯನ್ನು ಮೆಲ್ಲಗೆ ಸರಿಸುತ್ತಾ ಕಂಡದ್ದನ್ನು ಹೇಳಲಿ. ಪೂರ್ತಿ ಚಿತ್ರದಲ್ಲಿ ‘ನದಿ, ಮರ’ ಎಂದು ಮುಗಿಸುತ್ತಿದ್ದ ಮಗುವಿಗೆ ಆಗ ದಡದ ಕೆಸರಿನಲ್ಲಿ ಮೂಡಿದ ಹೆಜ್ಜೆ, ನೀರಿಗೆ ಬಾಗಿದ ಕೊಂಬೆ, ಬಟ್ಟೆ ಒಗೆಯುವವರ ಕಲ್ಲು ಒಂದೊಂದಾಗಿ ಕಾಣತೊಡಗುತ್ತವೆ. ‘ಇನ್ನೇನು ಕಾಣುತ್ತಿದೆ?’, ‘ಹಾಗೆಂದು ಹೇಗೆ ಗೊತ್ತಾಯಿತು?’ ಎಂಬ ಎರಡು ಪ್ರಶ್ನೆಗಳಿಗಿಂತ ಹೆಚ್ಚು ಕೇಳಬೇಕಾಗಿಲ್ಲ. ನಿಮ್ಮ ಭಾಗದ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ; ಆ ಮಕ್ಕಳು ಕಂಡದ್ದನ್ನು ಮೊದಲು ಮನೆಮಾತಿನಲ್ಲೇ ಹೇಳಲಿ, ಕನ್ನಡದ ಹೆಸರನ್ನು ತರಗತಿಯೇ ಸೇರಿ ಕೊಡಲಿ. ಪದಗಳಿಲ್ಲದ ಪುಸ್ತಕದ ದೊಡ್ಡ ಅನುಕೂಲ ಇದೇ.

ಊರಿನಲ್ಲಿ ನದಿಯಿಲ್ಲ ಎಂಬುದನ್ನು ಕೊರತೆಯೆಂದು ಭಾವಿಸಬೇಡಿ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಹಿರಿಯರು ಮಳೆನೀರನ್ನು ಹಿಡಿದದ್ದೇ ಕೆರೆಗಳಲ್ಲಿ. ಮೇಲಿನ ಕೆರೆ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಅವು ಸಾಲುಸಾಲಾಗಿವೆ. ಆದ್ದರಿಂದ ಪುಸ್ತಕದ ನದಿಯನ್ನು ನೋಡಿದ ಮೇಲೆ ‘ನಮ್ಮ ಕೆರೆ ತುಂಬಿದರೆ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿ. ಉತ್ತರವನ್ನು ನೀವು ಹೇಳಬೇಡಿ. ಮಕ್ಕಳು ಮನೆಯ ಹಿರಿಯರನ್ನು, ಕೆರೆಯ ನೀರು ಹಾಯುವ ಅಚ್ಚುಕಟ್ಟಿನಲ್ಲಿ ಗದ್ದೆಯಿರುವವರನ್ನು, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಊರಿನಲ್ಲಿ ಇನ್ನೂ ಇದ್ದರೆ ಅವರನ್ನು ವಿಚಾರಿಸಿಕೊಂಡು ಬಂದು, ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೆರೆಗಳ ಸಾಲನ್ನು ಬರೆಯಲಿ. ನಿಮ್ಮೂರು ಪಾಲಾರ್ ನದಿಯ ಕಣಿವೆಯಲ್ಲಿದ್ದರೆ ಆ ಗೆರೆಯನ್ನು ತಮಿಳುನಾಡು ದಾಟಿಸಿ ಬಂಗಾಳಕೊಲ್ಲಿಯವರೆಗೂ ಎಳೆಯಬಹುದು. ಪುಸ್ತಕದ ಕೊನೆಯ ಪುಟದ ಸಮುದ್ರ ಆಗ ಎಲ್ಲಿಯದೋ ಆಗಿ ಉಳಿಯುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಚಟುವಟಿಕೆ, ಒಂದೇ ಜಾಗವನ್ನು ಬೇರೆ ಬೇರೆ ಕಾಲದಲ್ಲಿ ನೋಡಿ ಬರೆಯುವುದು. ಕೆರೆಯ ಏರಿಯ ಮೇಲೆ, ಗದ್ದೆಗೆ ನೀರು ಬಿಡುವ ತೂಬು ಕಾಣುವಂಥ ಒಂದು ಜಾಗವನ್ನು ಆರಿಸಿಕೊಳ್ಳಿ. ಜೂನ್, ಅಕ್ಟೋಬರ್, ಜನವರಿ, ಮಾರ್ಚ್ ತಿಂಗಳುಗಳಲ್ಲಿ ಪ್ರತಿ ಮಗುವೂ ಅಲ್ಲಿಯೇ ಕುಳಿತು ಕಂಡದ್ದನ್ನು ಚಿತ್ರಿಸಲಿ. ತೂಬಿನ ಕಲ್ಲಿನ ಮೇಲೆ ನೀರು ಬಿಟ್ಟುಹೋದ ಗುರುತು, ಇಳಿದ ನೀರಿನಂಚಿನಲ್ಲಿ ಹೆಜ್ಜೆ ಹಾಕುವ ಬೆಳ್ಳಕ್ಕಿ, ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರುವ ಹೊಂಗೆ, ಒಣಗಿದ ಕೆರೆಯಂಗಳದಲ್ಲಿ ಮೇಯುವ ಕುರಿಗಳು: ನಾಲ್ಕು ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಬದಲಾವಣೆಯನ್ನು ಮಕ್ಕಳೇ ಓದುತ್ತಾರೆ. ಮುಖ್ಯ ಶಿಕ್ಷಕರ ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಪಡೆದು, ಇಬ್ಬರು ಮೂವರು ದೊಡ್ಡವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ನೀರಿನ ಅಂಚಿಗೆ ಯಾರೂ ಇಳಿಯಕೂಡದು.

ಅಚ್ಚು ಹಾಕಿದ ಚಿತ್ರಕ್ಕೆ ಬಣ್ಣ ತುಂಬಿಸುವುದನ್ನೂ ‘ಕಥೆಯ ನೀತಿ ಏನು?’ ಎಂದು ಕೇಳುವುದನ್ನೂ ದಯವಿಟ್ಟು ಬಿಡಿ. ಎರಡೂ ಮಗುವಿನ ನೋಟವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ.

ಮೌಲ್ಯಮಾಪನದಲ್ಲಿ ಚಿತ್ರದ ಅಂದಕ್ಕೆ ಅಂಕ ಬೇಡ. ಜೂನ್ ತಿಂಗಳ ಹಾಳೆಯಲ್ಲಿ ಇಲ್ಲದ ಯಾವ ವಿವರ ಮಾರ್ಚ್ ತಿಂಗಳದ್ದರಲ್ಲಿ ಬಂದಿದೆ, ಅದಕ್ಕೆ ಮಗು ಯಾವ ಕಾರಣ ಕೊಡುತ್ತದೆ ಎಂಬುದನ್ನು ಬರೆದಿಟ್ಟುಕೊಂಡು, ಪರಿಸರ ಅಧ್ಯಯನದ ರೂಪಣಾತ್ಮಕ (ಕಲಿಕೆಯ ಜೊತೆಜೊತೆಗೇ ನಡೆಯುವ) ಮೌಲ್ಯಮಾಪನದಲ್ಲಿ ದಾಖಲಿಸಿ. ವರ್ಷದ ಕೊನೆಗೆ ನಾಲ್ಕು ದೊಡ್ಡ ಖಾಲಿ ಹಾಳೆಗಳನ್ನು ಅರ್ಧಕ್ಕೆ ಮಡಚಿ ನಡುವೆ ದಾರದಿಂದ ಹೊಲಿದರೆ 16 ಪುಟಗಳ ಪುಸ್ತಕವಾಗುತ್ತದೆ. ಮಕ್ಕಳು ತಮ್ಮ ಚಿತ್ರಗಳಲ್ಲಿ ತಾವೇ ಆರಿಸಿದವನ್ನು ಅದರಲ್ಲಿ ಅಂಟಿಸಲಿ. ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಅದಕ್ಕೂ ಒಂದು ಸಂಖ್ಯೆ ಕೊಟ್ಟು, ಮುಂದಿನ ಜೂನ್‌ನಲ್ಲಿ 4ನೇ ತರಗತಿಗೆ ಬರುವವರಿಗೆ ನದಿಯ ಪುಸ್ತಕದ ಜೊತೆಯಲ್ಲೇ ಓದಲು ಕೊಡಿ.