ಆರು ಜನರ ಆಫೀಸಿಗೆ ಹೋಗ್ಲಾ ಅಂತ ಕೇಳಿದೀರ

ಪಾಂಡವಪುರದ ಕಡೆಯ ಓದುಗರೊಬ್ಬರು ಹೆಸರು ಹಾಕ್ಬೇಡಿ ಅಂತ ಹೇಳಿ ಎರಡು ಪುಟ ಬರ್ದಿದಾರೆ. ಮಂಡ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿ, ಮೈಸೂರು ಹೆಬ್ಬಾಳದ ಕಡೆ ಒಂದು ದೊಡ್ಡ ಕಂಪನಿಯಲ್ಲಿ ಎರಡು ವರ್ಷದಿಂದ ಕೆಲಸ. ಈಗ ವಿಜಯನಗರದಲ್ಲಿ ಆರೇ ಜನ ಇರೋ ಸ್ಟಾರ್ಟಪ್‌ ಒಂದು ಬ್ಯಾಕೆಂಡ್ ಡೆವಲಪರ್ (ಆ್ಯಪ್‌ ಹಿಂದಿನ ಸರ್ವರ್ ಕೋಡ್ ಬರೆಯೋರು) ಆಗಿ ಬಾ ಅಂತಿದೆ, ಆಲೆಮನೆಯೋರಿಗೂ ಬೆಲ್ಲದ ಮಂಡಿಯೋರಿಗೂ ಲೆಕ್ಕ ಇಡೋ ಆ್ಯಪ್ ಅಂತೆ. ಸಂಬಳ ಸ್ವಲ್ಪ ಜಾಸ್ತಿ, ಜೊತೆಗೆ 2,000 ಸ್ಟಾಕ್ ಆಪ್ಷನ್, ಅಂದ್ರೆ ಕಂಪನಿ ಶೇರನ್ನ ಮುಂದೆ ಮೊದಲೇ ಹೇಳಿದ ಬೆಲೆಗೆ ತಗೊಳ್ಳೋ ಹಕ್ಕು. ಅಪ್ಪ ಬೇಡ ಅಂತಿದಾರೆ. "ಅಲ್ಲಿ ಹೋದ್ರೆ ಕರಿಯರ್ ಬೆಳೆಯುತ್ತಾ, ಇಲ್ಲ ಎರಡು ವರ್ಷ ಹಾಳಾಗುತ್ತಾ?" ಇದು ಅವರ ಪ್ರಶ್ನೆ.

ನೋಡಿ, ಈ ಪತ್ರಿಕೆಗೆ ಬರೋಕೆ ಮುಂಚೆ ನಾನೂ ನಾಲ್ಕು ವರ್ಷ ಇದೇ ಕೆಲಸ ಮಾಡಿದೀನಿ, ಕುವೆಂಪುನಗರದಲ್ಲಿ ಒಂದು ಬೇಕರಿ ಮೇಲಿನ ಎರಡು ರೂಮಿನ ಆಫೀಸಲ್ಲಿ. ಅದಕ್ಕೇ ನಿಮ್ಮ ಪತ್ರಕ್ಕೆ ನಾಲ್ಕು ಸಾಲಲ್ಲಿ ಉತ್ತರ ಕೊಟ್ಟು ಮುಗಿಸೋಕೆ ಮನಸ್ಸು ಬರ್ಲಿಲ್ಲ.

ನನ್ನ ಪ್ರಕಾರ ಮೊದಲ ಕೆಲವು ವರ್ಷ ನೀವು ಬರೆದ ಕೋಡಿನ ತಪ್ಪು ನಿಮಗೇ ವಾಪಸ್ ಬಂದು ತಟ್ಟೋ ಜಾಗದಲ್ಲಿ ಇರ್ಬೇಕು, ಪಕ್ಕದಲ್ಲಿ ಆ ತಪ್ಪನ್ನ ಬಿಡಿಸಿ ತೋರಿಸೋ ಒಬ್ಬರು ಕೂತಿರ್ಬೇಕು. ಈ ಎರಡೂ ಇದ್ರೆ ಹೋಗಿ. ಮೊದಲನೇದು ಸಣ್ಣ ಸ್ಟಾರ್ಟಪ್‌ನಲ್ಲಿ ಖಂಡಿತ ಇರುತ್ತೆ, ಎರಡನೇದು ಇದೆಯಾ ಅಂತ ನೀವೇ ಹೋಗಿ ನೋಡ್ಬೇಕು.

ಒಂದು ಘಟನೆ ಹೇಳ್ತೀನಿ. ಒಂದಿನ ಮಂಡ್ಯದಿಂದ ನಮ್ಮ ಸಾಫ್ಟ್‌ವೇರ್ ಬಳಸ್ತಿದ್ದ ಅಂಗಡಿಯವರೊಬ್ಬರು ಫೋನ್ ಮಾಡಿ "ಸಾರ್, ನನ್ನ ಲೆಕ್ಕದಾಗೆ ದುಡ್ಡು ಜಾಸ್ತಿ ತೋರಿಸ್ತೈತೆ, ನಂದಲ್ಲ ಅದು" ಅಂದ್ರು. ಪುಣ್ಯಾತ್ಮರು, ಸುಮ್ನಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಆಗಿದ್ದೇನಂದ್ರೆ, ಗಿರಾಕಿ ಯುಪಿಐನಲ್ಲಿ ದುಡ್ಡು ಕಟ್ಟಿದ ತಕ್ಷಣ ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ನಡೆಸಿಕೊಡೋ ಸೇವೆ) ನಮ್ಮ ಸರ್ವರ್‌ಗೆ ಒಂದು ಮೆಸೇಜ್ ಕಳಿಸುತ್ತೆ, ನಾವು ಬೇಗ "ಸಿಕ್ತು" ಅಂತ ಉತ್ತರ ಕೊಡ್ಲಿಲ್ಲ ಅಂದ್ರೆ ಅದೇ ಮೆಸೇಜನ್ನ ಮತ್ತೆ ಕಳಿಸುತ್ತೆ. ನಾನು ಬುದ್ಧಿವಂತಿಕೆ ಮಾಡಿ ರಸೀದಿ ತಯಾರು ಮಾಡಿ, ಎಸ್ಸೆಮ್ಮೆಸ್ ಕಳಿಸಿ, ಎಲ್ಲಾ ಆದ್ಮೇಲೆ ಉತ್ತರ ಕೊಡ್ತಿದ್ದೆ. ತಡ ಆಯ್ತು, ಮೆಸೇಜ್ ಎರಡನೇ ಸಲ ಬಂತು, ಒಂದೇ ಪೇಮೆಂಟ್ ಎರಡು ಸಲ ಜಮಾ ಆಯ್ತು. ನಾನು ಕೋಡ್‌ನಲ್ಲಿ "ಮೊದಲೇ ಬಂದಿದೆಯಾ ನೋಡು, ಇಲ್ದಿದ್ರೆ ಬರಿ" ಅಂತ ಒಂದು ಇಫ್ ಹಾಕೋಕೆ ಹೊರಟೆ. ನಮ್ಮ ಸೀನಿಯರ್ ಮೇಡಂ ಕುರ್ಚಿ ಎಳ್ಕೊಂಡು ಪಕ್ಕ ಕೂತು, ಎರಡೂ ಮೆಸೇಜ್ ಒಂದೇ ಕ್ಷಣಕ್ಕೆ ಬಂದ್ರೆ ಎರಡೂ "ಇಲ್ಲ" ಅಂತ ನೋಡಿ ಎರಡೂ ಬರೀತಾವಲ್ಲ ಅಂತ ಪೇಪರ್ ಮೇಲೆ ಗೀಚಿ ತೋರಿಸಿದ್ರು. ಪೇಮೆಂಟ್ ಐಡಿ ಕಾಲಮ್ಮಿಗೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದು ಐಡಿ ಒಂದೇ ಸಲ ಅನ್ನೋ ನಿಯಮ) ಹಾಕು, ಎರಡನೇದನ್ನ ಡೇಟಾಬೇಸೇ ಒಳಗೆ ಬಿಡಲ್ಲ, ಮೆಸೇಜನ್ನ ಬರ್ಕೊಂಡ ತಕ್ಷಣ ಉತ್ತರ ಕೊಡು, ರಸೀದಿ ಎಸ್ಸೆಮ್ಮೆಸ್ ಎಲ್ಲಾ ಹಿಂದಿಂದ ಕ್ಯೂನಲ್ಲಿ ಮಾಡ್ಕೋ ಅಂದ್ರು. ಅರ್ಧ ಗಂಟೆ ಅಷ್ಟೇ, ಆ ಕಾಗದ ತುಂಬಾ ದಿನ ಇಟ್ಕೊಂಡಿದ್ದೆ.

ನಿಮ್ಮ ಆಲೆಮನೆ ಆ್ಯಪ್‌ಗೂ ಇದೇ ಬರುತ್ತೆ ನೋಡ್ತಿರಿ. ಕಬ್ಬಿನ ಗದ್ದೆ ಮಧ್ಯೆ ನೆಟ್‌ವರ್ಕ್ ಇರಲ್ಲ, ಸೇವ್ ಆಗ್ಲಿಲ್ವೇನೋ ಅಂತ ಅವರು ಬಟನ್‌ನ ನಾಲ್ಕು ಸಲ ಒತ್ತಿರ್ತಾರೆ, ನೆಟ್‌ವರ್ಕ್ ಬಂದಾಗ ನಾಲ್ಕೂ ಒಟ್ಟಿಗೆ ಹೋಗಿ 30 ಅಚ್ಚು ಬೆಲ್ಲ 120 ಆಗಿ ಕೂತ್ಕೊಳುತ್ತೆ. ಪ್ರತಿ ಎಂಟ್ರಿಗೂ ಫೋನ್‌ನಲ್ಲೇ ಒಂದು ಐಡಿ ಹುಟ್ಟಿಸಿ, ಎಷ್ಟು ಸಲ ಒತ್ತಿದ್ರೂ ಅದೇ ಐಡಿ ಕಳಿಸೋದು ಮೊದಲ ದಿನದಿಂದಲೇ ಮಾಡಿ. ದುಡ್ಡನ್ನ ಫ್ಲೋಟ್‌ನಲ್ಲಿ (ದಶಮಾಂಶದ ಸಂಖ್ಯೆ, ಲೆಕ್ಕದಲ್ಲಿ ಚೂರು ಆಚೀಚೆ ಆಗುತ್ತೆ) ಇಡ್ಬೇಡಿ, ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. ಆ್ಯಪನ್ನ ಹತ್ತಾರು ಸಣ್ಣ ಪ್ರೋಗ್ರಾಂ ಆಗಿ ಒಡೆಯೋಣ, ಮೈಕ್ರೋಸರ್ವೀಸ್ ಅದು ಇದು ಅಂತ ಯಾರಾದ್ರೂ ಶುರು ಮಾಡಿದ್ರೆ ತಡೀರಿ, ಆರು ಜನಕ್ಕೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ಅಪ್ಲಿಕೇಶನ್ ಸಾಕು, ಸುಮಾರು ದೂರ ಅದರಲ್ಲೇ ಹೋಗ್ಬಹುದು.

ಬ್ಯಾಕಪ್ ಬಗ್ಗೆ ಬಿಡದೆ ಕೇಳಿ. "ದಿನಾ ತಗೋತೀವಿ" ಅನ್ನೋದು ಉತ್ತರ ಅಲ್ಲ, ಕೊನೇ ಸಲ ಯಾವಾಗ ರಿಸ್ಟೋರ್ ಮಾಡಿ, ಅಂದ್ರೆ ಆ ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದು ನೋಡಿದ್ರಿ ಅನ್ನಿ. 2017ರ ಜನವರಿ 31ಕ್ಕೆ ಗಿಟ್‌ಲ್ಯಾಬ್ ಅನ್ನೋ, ಬೇರೆಯವರ ಕೋಡ್ ಇಟ್ಕೊಳ್ಳೋ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ಕೆಟ್ಟಿದ್ದ ಎರಡನೇ ಸರ್ವರ್ ಅಂದ್ಕೊಂಡು ಮುಖ್ಯ ಡೇಟಾಬೇಸ್‌ನ ಡೈರೆಕ್ಟರಿನೇ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಅಂತ ಇಟ್ಕೊಂಡಿದ್ದ ದಾರಿಗಳು ಒಂದೊಂದಾಗಿ ಕೈಕೊಟ್ವು, ಕೊನೆಗೆ ಆರು ಗಂಟೆ ಹಿಂದೆ ಯಾರೋ ಅಕಸ್ಮಾತ್ ತಗೊಂಡಿದ್ದ ಒಂದು ಸ್ನ್ಯಾಪ್‌ಶಾಟ್ (ಡೇಟಾದ ನಕಲು) ಕಾಪಾಡ್ತು. ಅವರು ಅದನ್ನ ಮುಚ್ಚಿಡದೆ ಎಲ್ಲಾ ಬರ್ದು ಹೊರಗೆ ಹಾಕಿದ್ರು. ಅದನ್ನ ಹುಡುಕಿ ಓದಿ, ಒಂದು ಸೆಮಿಸ್ಟರ್ ಪಾಠಕ್ಕೆ ಸಮ.

ಈಗ ನಿಮ್ಮ 2,000 ಸ್ಟಾಕ್. ಒಟ್ಟು ಎಷ್ಟು ಶೇರ್‌ನಲ್ಲಿ 2,000 ಅಂತ ಹೇಳ್ದೆ ಆ ಸಂಖ್ಯೆಗೆ ಅರ್ಥನೇ ಇಲ್ಲ, ಒಂದು ಲಕ್ಷದಲ್ಲಿ ಆದ್ರೆ ಶೇಕಡ 2, ಒಂದು ಕೋಟಿಯಲ್ಲಿ ಆದ್ರೆ ಶೇಕಡ 0.02. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮ ಕೈಸೇರುತ್ತೆ, ಮೊದಲ ಒಂದು ವರ್ಷ ತುಂಬೋಕೆ ಮುಂಚೆ ಬಿಟ್ರೆ ಏನೂ ಸಿಗಲ್ಲ, ಆ ಒಂದು ವರ್ಷ ಅನ್ನೋದು ನಮ್ಮ ಕಂಪನಿ ಕಾನೂನಿನ ನಿಯಮದಲ್ಲೇ ಇದೆ. ಆಪ್ಷನ್ನನ್ನ ಶೇರ್ ಮಾಡ್ಕೊಳ್ಳೋಕೆ ಎಷ್ಟು ದುಡ್ಡು ಕಟ್ಬೇಕು, ಕೆಲಸ ಬಿಟ್ಮೇಲೆ ಎಷ್ಟು ದಿನದೊಳಗೆ ಮಾಡ್ಕೋಬೇಕು, ಇವೆರಡನ್ನೂ ಬರಹದಲ್ಲಿ ಕೇಳಿ. ಹಾಗೆ ಶೇರ್ ಮಾಡ್ಕೊಂಡಾಗ ಆವತ್ತಿನ ಬೆಲೆಗೂ ನೀವು ಕಟ್ಟಿದ್ದಕ್ಕೂ ಇರೋ ವ್ಯತ್ಯಾಸವನ್ನ ಸಂಬಳ ಅಂತ ಲೆಕ್ಕ ಹಿಡಿದು ಟ್ಯಾಕ್ಸ್ ಹಾಕ್ತಾರೆ, ಶೇರ್ ಮಾರೋಕೆ ಆಗ್ದಿದ್ರೂ. ಅದಕ್ಕೇ ಮನೆ ಖರ್ಚಿನ ಲೆಕ್ಕ ಬರೀ ಸಂಬಳದ ಮೇಲೆ ಹಾಕಿ, ಸ್ಟಾಕ್ ಇಲ್ಲ ಅಂತಲೇ ತಿಳ್ಕೊಳ್ಳಿ.

ನಿಮ್ಮಪ್ಪನ ಭಯ ಸುಳ್ಳಲ್ಲ. ಕಬ್ಬು ಹಾಕಿ ಬಿಲ್ಲಿಗೆ ಕಾಯೋದು ಏನು ಅಂತ ಗೊತ್ತಿರೋರಿಗೆ ತಿಂಗಳ ಸಂಬಳದ ಬೆಲೆ ಗೊತ್ತಿರುತ್ತೆ. ನನಗೂ ಕೊನೇ ಎರಡು ತಿಂಗಳ ಸಂಬಳ ಬರ್ಲೇ ಇಲ್ಲ, ಆ ಆಫೀಸ್ ಮುಚ್ಚಿಹೋಯ್ತು. ಆದ್ರಿಂದ ಕೈಯಲ್ಲಿ ಇನ್ನೆಷ್ಟು ತಿಂಗಳಿಗೆ ದುಡ್ಡಿದೆ ಅಂತ ಸಂಸ್ಥಾಪಕರನ್ನ ನೇರ ಕೇಳಿ, ಕೇಳೋದ್ರಲ್ಲಿ ಅವಮಾನ ಏನಿಲ್ಲ, ಒಳ್ಳೆಯವರು ಹೇಳ್ತಾರೆ. ಕಂಪನಿ ಯಾವಾಗ ನೋಂದಣಿ ಆಯ್ತು, ಡೈರೆಕ್ಟರ್ ಯಾರು ಅನ್ನೋದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಲ್ಲಿ ಸಿಗುತ್ತೆ. 20 ಜನಕ್ಕಿಂತ ಕಮ್ಮಿ ಇರೋ ಕಡೆ ಪಿಎಫ್ ಕಡ್ಡಾಯ ಅಲ್ಲ, ಆರು ಜನರ ಆಫೀಸಲ್ಲಿ ಇಲ್ದೇ ಇರ್ಬಹುದು, ಅದನ್ನೂ ಸಂಬಳದ ಹೋಲಿಕೆಯಲ್ಲಿ ಸೇರಿಸಿ ನೋಡಿ. ಸೇರಿದ್ಮೇಲೆ ನಿಮ್ಮ ಸಂಬಳದಿಂದ ಹಿಡಿದ ಟ್ಯಾಕ್ಸ್ (ಟಿಡಿಎಸ್) ಕಟ್ಟಿದಾರಾ ಅಂತ ಇನ್‌ಕಮ್ ಟ್ಯಾಕ್ಸ್ ವೆಬ್‌ಸೈಟಲ್ಲಿ ಆಗಾಗ ನೋಡ್ತಿರಿ. ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಕೊಂಡು ಹೋದ್ರೆ ಅಪ್ಪನಿಗೂ ಸ್ವಲ್ಪ ಧೈರ್ಯ ಬರುತ್ತೆ.

ಸಹಿ ಹಾಕೋಕೆ ಮುಂಚೆ ಒಂದು ಶನಿವಾರ ಆ ಆಫೀಸಿಗೆ ಹೋಗಿ ಅವರ ಜೊತೆ ಅರ್ಧ ದಿನ ಕೂತ್ಕೊಳ್ತೀನಿ ಅನ್ನಿ. ನೀವು ಬರೆದ ಕೋಡ್ ಯಾರು ಓದ್ತಾರೆ ಅಂತ ಕೇಳಿ. ಅವರು ಒಬ್ಬರ ಕಡೆ ಕೈ ತೋರಿಸಿದ್ರೆ ಆ ವ್ಯಕ್ತಿ ಜೊತೆ ಒಂದು ಗಂಟೆ ಮಾತಾಡಿ, ಅವರು ಮಾಡಿದ ಒಂದು ತಪ್ಪಿನ ಕಥೆ ಹೇಳೋಕೆ ಹೇಳಿ. "ನೀವೇ ಎಲ್ಲಾ ನೋಡ್ಕೋಬೇಕು" ಅಂದ್ರೆ ಇನ್ನೊಂದು ವರ್ಷ ಈಗಿರೋ ಕಡೆಯೇ ಇರಿ, ಇಂಥ ಆಫೀಸ್ ಮೈಸೂರಲ್ಲಿ ಇನ್ನೂ ಹುಟ್ತಾವೆ. ಹೋಗಿ ಬಂದ್ಮೇಲೆ ಬ್ಯಾಕಪ್ ವಿಷಯಕ್ಕೆ ಏನಂದ್ರು ಅಂತ ಮರೀದೆ ಬರೀರಿ, ಕಾಯ್ತಿರ್ತೀನಿ.

— ಸಂಪಾದಕ