ಕೊರೆಯುವ ಮೊದಲು ಒಮ್ಮೆ ಗೋಡೆಯನ್ನು ನೋಡಿ

ಪತ್ರ: ನೂರು ವರ್ಷ ದಾಟಿದ ನಮ್ಮ ಸಾರ್ವಜನಿಕ ಗ್ರಂಥಾಲಯದ ವೈರಿಂಗ್ ಪೂರ್ತಿ ಬದಲಾಗುತ್ತಿದೆ. ಗೋಡೆ ಕೊರೆದು ಕನ್ಸೀಲ್ಡ್ ಮಾಡಿಸಲು ಸಮಿತಿ ಒಪ್ಪಿದೆ. ಗೋಡೆಯ ಮೇಲೆ ತಂತಿ ಕಂಡರೆ ಕಟ್ಟಡದ ಅಂದ ಕೆಡುವುದಿಲ್ಲವೇ?

ಸಂಪಾದಕರ ಉತ್ತರ: ವೈರಿಂಗ್ ಬದಲಿಸಲು ಹೊರಟಿದ್ದೀರಿ, ಅಭಿನಂದನೆ. ಅಂದದ ಕಾಳಜಿಯೂ ತಪ್ಪಲ್ಲ. ಬಿಳಿ ಪಿವಿಸಿ ಪೈಪು ಅಡ್ಡಾದಿಡ್ಡಿ ಹರಿದ ಗೋಡೆ ಯಾರ ಕಣ್ಣಿಗೂ ಹಿತವಲ್ಲ. ಆದರೆ ನಿಮ್ಮಂಥ ಕಟ್ಟಡಾಭಿಮಾನಿಗಳೇ ಗೋಡೆ ಕೊರೆಯಲು ತಲೆಯಾಡಿಸಿದರೆ ಅದನ್ನು ಕಾಯುವವರು ಯಾರು?

ಆ ಕಾಲದ ಗೋಡೆ ಸುಣ್ಣದ ಗಾರೆಯದು. ತೇವವನ್ನು ಹೀರುತ್ತದೆ, ಹೊರಗೂ ಬಿಡುತ್ತದೆ. ಅದರಲ್ಲಿ ಕಾಲುವೆ ತೆಗೆದು ಸಿಮೆಂಟು ತುಂಬಿದರೆ ತೇವ ಸಿಮೆಂಟನ್ನು ದಾಟಲಾರದೆ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಉಪ್ಪು ಹೂಬಿಟ್ಟು, ಸಿಮೆಂಟು ಪಟ್ಟಿಯ ಎರಡೂ ಅಂಚಿನಲ್ಲಿ ಗಾರೆ ಉದುರುತ್ತದೆ. ಇನ್ನೊಂದು ಮಾತು: ವೈರಿನ ಆಯಸ್ಸು ಮೂವತ್ತು-ನಲವತ್ತು ವರ್ಷ, ಗೋಡೆಯದು ಶತಮಾನಗಳದ್ದು. ತಲೆಮಾರಿಗೊಮ್ಮೆ ಕೊರೆಯುತ್ತಾ ಹೋದರೆ ಉಳಿಯುವುದೇನು?

ಇದಕ್ಕೆ ಒಳ್ಳೆಯ ದಾರಿಯಿದೆ: ಖನಿಜ ನಿರೋಧಕ ಕೇಬಲ್. ತಾಮ್ರದ ಕೊಳವೆಯೊಳಗೆ ಮೆಗ್ನೀಸಿಯಂ ಆಕ್ಸೈಡ್ ಎಂಬ, ವಿದ್ಯುತ್ ಹರಿಯಗೊಡದ ಖನಿಜದ ಪುಡಿಯನ್ನು ಒತ್ತಿ ತುಂಬಿ, ನಡುವೆ ತಾಮ್ರದ ತಂತಿ ಹಾಯಿಸಿರುತ್ತಾರೆ. ದೀಪದ ಸಾಲಿಗೆ ಸಾಕಾಗುವಂಥದ್ದು ಹೆಚ್ಚುಕಡಿಮೆ ಪೆನ್ಸಿಲಿನ ದಪ್ಪ. ಕಾರ್ನಿಸಿನ (ಗೋಡೆಯ ಮೇಲ್ಭಾಗದ ಅಲಂಕಾರದ ಅಂಚುಪಟ್ಟಿಯ) ಮೇಲಂಚಿನಲ್ಲೋ ಬಾಗಿಲ ಚೌಕಟ್ಟಿನ ಮಗ್ಗುಲಲ್ಲೋ ನೇರವಾಗಿ ಓಡಿಸಿದರೆ ಹುಡುಕಿದರಷ್ಟೇ ಕಾಣುತ್ತದೆ. ಉರಿಯುವಂಥದ್ದು ಅದರಲ್ಲೇನಿಲ್ಲ. ದೌರ್ಬಲ್ಯ ಒಂದೇ, ಆ ಪುಡಿ ಗಾಳಿಯ ತೇವ ಹೀರುತ್ತದೆ. ಕತ್ತರಿಸಿದ ತುದಿಯನ್ನು ಕೂಡಲೇ ಸೀಲ್ ಮಾಡಬೇಕು, ಮೆಗ್ಗರ್ (ತಂತಿಯ ಹೊದಿಕೆ ವಿದ್ಯುತ್ ಸೋರದಂತೆ ಎಷ್ಟು ತಡೆಯುತ್ತದೆಂದು ಮೆಗಾಓಮ್ ಲೆಕ್ಕದಲ್ಲಿ ಅಳೆಯುವ ಉಪಕರಣ) ಹಿಡಿಯಬೇಕು, ಮರುದಿನ ಮತ್ತೆ ಹಿಡಿಯಬೇಕು. ಅಂಕಿ ಇಳಿದಿದ್ದರೆ ತುದಿಯನ್ನು ಒಂದಿಷ್ಟು ಕತ್ತರಿಸಿ ಹೊಸದಾಗಿ ಸೀಲ್ ಮಾಡಬೇಕು. ಕ್ಲಿಪ್ಪಿನ ಸ್ಕ್ರೂ ಹಿತ್ತಾಳೆಯದಿರಲಿ. ತೂತು ಕಲ್ಲಿನಲ್ಲಿ ಬೇಡ, ಸಂದಿನ ಗಾರೆಯಲ್ಲಿರಲಿ. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಂಡು ಕಲ್ಲನ್ನೇ ಸೀಳುತ್ತದೆ.

ಹಳೆಯದನ್ನು ಮುಟ್ಟುವಾಗಲೂ ಎಚ್ಚರ. ಮರದ ಕೇಸಿಂಗಿನೊಳಗಿನ (ತಂತಿ ಕೂರಿಸುವ ಮರದ ಪಟ್ಟಿಯೊಳಗಿನ) ರಬ್ಬರ್ ವೈರು ಅಲುಗದಿದ್ದಷ್ಟು ಕಾಲ ಸುಮ್ಮನಿರುತ್ತದೆ. ಸ್ವಿಚ್ ಬದಲಿಸಲು ಎಳೆದಾಗ ಒಣಗಿದ ರಬ್ಬರ್ ಪುಡಿಯಾಗುತ್ತದೆ. ಕೆಲವೆಡೆ ಫೇಸಿಗೂ (ವಿದ್ಯುತ್ ತರುವ ತಂತಿ) ನ್ಯೂಟ್ರಲ್ಲಿಗೂ (ಅದು ಮರಳುವ ತಂತಿ) ಫ್ಯೂಸ್ ಹಾಕಿರುತ್ತಾರೆ. ನ್ಯೂಟ್ರಲ್ ಫ್ಯೂಸ್ ಹೋದರೆ ದೀಪ ಆರುತ್ತದೆ, ಫೇಸಿನಲ್ಲಿ ಮಾತ್ರ ವೋಲ್ಟೇಜ್ ಹಾಗೇ ಇರುತ್ತದೆ, ಮುಟ್ಟಿದರೆ ಶಾಕ್. ಪ್ರತಿ ಸರ್ಕ್ಯೂಟನ್ನೂ ಸಪ್ಲೈಯಿಂದ ಬೇರ್ಪಡಿಸಿ, ಬಲ್ಬು ಮತ್ತು ಎಲೆಕ್ಟ್ರಾನಿಕ್ ಸಾಮಾನು ಬಿಚ್ಚಿ, 500 ವೋಲ್ಟ್ ಮೆಗ್ಗರಿನಿಂದ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮತ್ತೆ ಸಪ್ಲೈ ಕೊಡಬೇಡಿ. ಎಲ್‌ಇಡಿ ಹಾಕಿದ್ದೇವೆ, ಲೋಡ್ ಇಳಿಯಿತು ಎಂದು ಹಗುರಾಗಬೇಡಿ. ಎಸಿ, ಕಂಪ್ಯೂಟರ್ ಬಂದು ಕೂತಿರುತ್ತವೆ. ಎಲ್‌ಇಡಿ ಡ್ರೈವರುಗಳು (ದೀಪಕ್ಕೆ ತಕ್ಕ ವಿದ್ಯುತ್ ಒದಗಿಸುವ ಸಣ್ಣ ಪೆಟ್ಟಿಗೆಗಳು) ಹುಟ್ಟಿಸುವ ಮೂರನೇ ಹಾರ್ಮೋನಿಕ್ಸ್, ಅಂದರೆ ಸಪ್ಲೈಯ ಮೂರು ಪಟ್ಟು ಆವರ್ತನದ ಕರೆಂಟು, ಮೂರು ಫೇಸಿನಿಂದಲೂ ನ್ಯೂಟ್ರಲ್ಲಿನಲ್ಲಿ ಕೂಡಿಕೊಳ್ಳುತ್ತದೆ. ನ್ಯೂಟ್ರಲ್ ತಂತಿ ಫೇಸಿಗಿಂತ ತೆಳುವಾಗಿರಕೂಡದು.

2018ರ ಸೆಪ್ಟೆಂಬರ್ 2ರಂದು ರಿಯೊ ಡಿ ಜನೈರೊದಲ್ಲಿ ಬ್ರೆಜಿಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಟ್ಟಿತು. ತನಿಖೆ ಬೊಟ್ಟು ಮಾಡಿದ್ದು ಸಭಾಂಗಣದ ಎಸಿಯ ಕಡೆಗೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಕ್ಲಾಂಡನ್ ಪಾರ್ಕ್ ಸೌಧ 2015ರ ಏಪ್ರಿಲ್ 29ರಂದು ಉರಿಯಿತು. ಬಹುಮಟ್ಟಿಗೆ ಕಾರಣ, ನೆಲಮಾಳಿಗೆಯ ಡಿಬಿಯೊಂದರ (ವಿದ್ಯುತ್ತನ್ನು ಸರ್ಕ್ಯೂಟುಗಳಿಗೆ ಹಂಚುವ ಪೆಟ್ಟಿಗೆಯ) ದೋಷ. ಬೆಂಕಿ ಮೇಲೇರಿದ್ದು ಗೋಡೆ ಮತ್ತು ಮಹಡಿಗಳೊಳಗಿನ ಟೊಳ್ಳುಗಳ ಮೂಲಕ. ಆದ್ದರಿಂದಲೇ ಕೇಬಲ್ ಮಹಡಿ ದಾಟುವ ಪ್ರತಿಯೊಂದು ತೂತನ್ನೂ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕು. ಮುಗಿಸುವ ಅವಸರದಲ್ಲಿ ಮೊದಲು ಮರೆಯುವುದು ಇದನ್ನೇ.

ನೋವಿನ ಸಂಗತಿಯೆಂದರೆ ಮುಂಭಾಗಕ್ಕೆ ಬಣ್ಣ ಬಳಿಯಲು, ಬಣ್ಣದ ದೀಪ ಹಾಯಿಸಲು ದುಡ್ಡು ಹುಟ್ಟುತ್ತದೆ. ವರ್ಷಕ್ಕೊಮ್ಮೆ ಡಿಬಿ ಬಿಚ್ಚಿ ಸಡಿಲಾದ ಸ್ಕ್ರೂ ಬಿಗಿಸಲು ಹುಟ್ಟುವುದಿಲ್ಲ. ನಕ್ಷೆಯಂತೂ ಯಾರೂ ಬರೆದಿಡುವುದಿಲ್ಲ. ಯಾವ ತಂತಿ ಎಲ್ಲಿಂದ ಬಂತೆಂಬುದು ಒಬ್ಬ ಎಲೆಕ್ಟ್ರಿಷಿಯನ್ನನ ನೆನಪಿನಲ್ಲಿರುತ್ತದೆ. ಆತ ನಿವೃತ್ತನಾದಾಗ ಅದೂ ಹೋಗುತ್ತದೆ.

ಸಮಿತಿಯ ನಿರ್ಣಯ ಇನ್ನೂ ತಿದ್ದಬಹುದಾದದ್ದು. ಪ್ರತಿ ಸರ್ಕ್ಯೂಟಿನ ಮೆಗ್ಗರ್ ಅಂಕಿ, ಲೋಡ್ ಲೆಕ್ಕ, ಕೇಬಲ್ ಹೋಗುವ ದಾರಿಯ ನಕ್ಷೆ, ಈ ಮೂರು ಕೈಗೆ ಬರುವವರೆಗೆ ಗೋಡೆಗೆ ಯಂತ್ರ ತಾಗಿಸಬೇಡಿರೆಂದು ಬರಹದಲ್ಲೇ ಕೊಡಿ. ಹಳೆಯ ಮರದ ಕೇಸಿಂಗು, ಹಿತ್ತಾಳೆಯ ಸ್ವಿಚ್ಚುಗಳನ್ನು ಕಿತ್ತೆಸೆಯಲು ಬಿಡಬೇಡಿ. ಹಳೆಯ ವೈರಿನ ಎರಡೂ ತುದಿ ಬಿಚ್ಚಿ, ಸಪ್ಲೈ ಇಲ್ಲವೆಂಬ ಚೀಟಿ ಅಂಟಿಸಿ, ಇದ್ದಲ್ಲೇ ಇರಲಿ.